ತಲೆ, ಗಾಳಿ, ಸದ್ದು: ಕರಾವಳಿಯ ಸವಾರರಿಗೆ ಹೆಲ್ಮೆಟ್ಟಿನ ವಿಜ್ಞಾನ

ದ್ವಿಚಕ್ರ ವಾಹನದ ಹೆಲ್ಮೆಟ್ ತಲೆಯನ್ನು ಕಾಯುವುದು ಅದು ತಲೆಯ ಮೇಲಿದ್ದು, ಅದರ ಪಟ್ಟಿ ಗಲ್ಲದ ಕೆಳಗೆ ಬಿಗಿಯಾಗಿದ್ದಾಗ ಮಾತ್ರ. ಹಣೆಯನ್ನು ಒತ್ತುವ, ಬೆವರಿಳಿಸುವ, ಕಿವಿಯ ಬಳಿ ಬಿಡದೆ ಮೊರೆಯುವ ಹೆಲ್ಮೆಟ್ ಎಷ್ಟೇ ಗಟ್ಟಿಮುಟ್ಟಾಗಿದ್ದರೂ ಸ್ವಲ್ಪ ದಿನಗಳಲ್ಲೇ ಪೆಟ್ರೋಲ್ ಟ್ಯಾಂಕಿನ ಮೇಲಕ್ಕೋ ಮೊಣಕೈಗೋ ಇಳಿಯುತ್ತದೆ. ಪೊಲೀಸರು ಕಂಡಾಗ ಮಾತ್ರ ತಲೆಗೇರುತ್ತದೆ. ಆದ್ದರಿಂದ ಹಿತ ಮತ್ತು ನಿಶ್ಶಬ್ದತೆ ಎಂಬ ಎರಡು ಗುಣಗಳನ್ನು ದುಬಾರಿ ಬೈಕಿನವರ ಶೋಕಿಯೆಂದು ತಳ್ಳಿಹಾಕುವುದು ಸರಿಯಲ್ಲ. ಅವು ಸುರಕ್ಷತೆಯ ಅಂಗಗಳೇ ಆಗಿವೆ. ಉಡುಪಿ, ಮಣಿಪಾಲ, ಕಾಪು, ಕಾರ್ಕಳಗಳ ನಡುವೆ ಪ್ರತಿದಿನ ಓಡಾಡುವ ಸವಾರನ ಮಟ್ಟಿಗೆ ಈ ಗುಣಗಳನ್ನು ನಿರ್ಧರಿಸುವ ಸಂಗತಿಗಳು ಮೂರು: ಅವನ ತಲೆಯ ಆಕಾರ, ಅವನು ಸಾಗುವ ರಸ್ತೆಯಲ್ಲಿನ ವೇಗ ಮತ್ತು ಗಾಳಿ, ಹಾಗೂ ಕರಾವಳಿಯ ಸೆಕೆ ಮತ್ತು ಮಳೆ. ಹೆಲ್ಮೆಟ್ಟಿನ ಬೆಲೆಗೂ ಬಣ್ಣಕ್ಕೂ ಈ ಮೂರರ ನಂತರದ ಸ್ಥಾನ.

ಹೊಡೆತವನ್ನು ಹೀರುವ ಪದರ

ಹಿತದ ಮಾತಿಗೆ ಬರುವ ಮುನ್ನ ಹೆಲ್ಮೆಟ್ಟಿನ ರಚನೆಯನ್ನು ತಿಳಿಯಬೇಕು, ಏಕೆಂದರೆ ಹಿತದ ಹೆಸರಿನಲ್ಲಿ ರಕ್ಷಣೆಯನ್ನು ಬಿಟ್ಟುಕೊಡುವ ಆಯ್ಕೆಗಳೂ ಮಾರುಕಟ್ಟೆಯಲ್ಲಿವೆ. ಬ್ರಿಟಿಷ್ ಸೇನಾಧಿಕಾರಿ ಹಾಗೂ ಲೇಖಕ ಟಿ. ಇ. ಲಾರೆನ್ಸ್ 1935ರ ಮೇ ತಿಂಗಳಲ್ಲಿ ಮೋಟಾರ್ ಸೈಕಲ್ ಅಪಘಾತದಲ್ಲಿ ತಲೆಗೆ ಪೆಟ್ಟಾಗಿ ತೀರಿಕೊಂಡಾಗ, ಅವನಿಗೆ ಚಿಕಿತ್ಸೆ ನೀಡಿದವರಲ್ಲಿ ಒಬ್ಬನಾಗಿದ್ದ ನರಶಸ್ತ್ರವೈದ್ಯ ಹ್ಯೂ ಕೇರ್ನ್ಸ್ ಇಂಥ ಸಾವುಗಳನ್ನು ತಡೆಯುವ ದಾರಿಯನ್ನು ಹುಡುಕತೊಡಗಿದನು. ಹೆಲ್ಮೆಟ್ ಧರಿಸಿದ ಸೈನಿಕ ಸವಾರರ ತಲೆಗೆ ಆಗುವ ಗಾಯಗಳು ಸೌಮ್ಯವಾಗಿರುತ್ತವೆ ಎಂಬುದನ್ನು ತೋರಿಸಿದ ಅವನ ಲೇಖನ 1941ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಮುಂದೆ ಅಮೆರಿಕದ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಿ. ಎಫ್. ಲೊಂಬಾರ್ಡ್ ಗಟ್ಟಿ ಹೊರಚಿಪ್ಪಿನ ಒಳಗೆ ಹೊಡೆತವನ್ನು ಹೀರುವ ಪದರವಿರುವ ಹೆಲ್ಮೆಟ್ಟನ್ನು ರೂಪಿಸಿ 1953ರಲ್ಲಿ ಪೇಟೆಂಟ್ ಪಡೆದನು. ಇಂದಿನ ಎಲ್ಲ ಹೆಲ್ಮೆಟ್ಟುಗಳ ಮೂಲತತ್ತ್ವ ಇದೇ ಆಗಿದೆ.

ಹೊರಚಿಪ್ಪು ಎಬಿಎಸ್ ಅಥವಾ ಪಾಲಿಕಾರ್ಬೊನೇಟ್ ಎಂಬ ಗಡಸು ಪ್ಲಾಸ್ಟಿಕ್ಕಿನದೋ, ಗಾಜಿನ ನಾರಿನದೋ, ಕಾರ್ಬನ್ ನಾರಿನದೋ ಆಗಿರಬಹುದು. ಅದು ಹೊಡೆತವನ್ನು ಅಗಲಕ್ಕೆ ಹರಡುತ್ತದೆ. ಅದರ ಒಳಗಿರುವುದು ಜನರು ಥರ್ಮಾಕೋಲ್ ಎಂದು ಕರೆಯುವ ಉಬ್ಬಿಸಿದ ಪಾಲಿಸ್ಟೈರೀನ್. ಅದು ನಜ್ಜುಗುಜ್ಜಾಗುವ ಮೂಲಕ ತಲೆಯ ಚಲನಶಕ್ತಿಯನ್ನು ಹೀರಿಕೊಳ್ಳುತ್ತದೆ. ಇದರ ಲೆಕ್ಕ ಸರಳವಾಗಿದೆ: ಒಂದೂವರೆ ಮೀಟರ್ ಎತ್ತರದಿಂದ ಬಿದ್ದ ತಲೆ ನೆಲವನ್ನು ಮುಟ್ಟುವಾಗ ಗಂಟೆಗೆ ಸುಮಾರು 19.5 ಕಿಲೋಮೀಟರ್ ವೇಗದಲ್ಲಿರುತ್ತದೆ. ಆ ವೇಗ ಡಾಂಬರಿನ ಮೇಲೆ 3 ಮಿಲಿಮೀಟರ್ ದೂರದಲ್ಲಿ ಶೂನ್ಯಕ್ಕಿಳಿದರೆ ತಲೆಯ ವೇಗ ಇಳಿಯುವ ಸರಾಸರಿ ದರ ಗುರುತ್ವ ವೇಗೋತ್ಕರ್ಷದ 500 ಪಟ್ಟು ಆಗುತ್ತದೆ. ಥರ್ಮಾಕೋಲ್ ಕುಗ್ಗಿ ಅದೇ ನಿಲುಗಡೆಗೆ 3 ಸೆಂಟಿಮೀಟರ್ ಅವಕಾಶ ಕೊಟ್ಟರೆ ಅದು 50 ಪಟ್ಟಿಗೆ ಇಳಿಯುತ್ತದೆ. ಬೈಕ್ ಓಡದೆ ನಿಂತಲ್ಲೇ ಮಗುಚಿದರೂ ತಲೆಗೆ ಹೆಲ್ಮೆಟ್ ಏಕೆ ಬೇಕು ಎಂಬ ಪ್ರಶ್ನೆಗೆ ಈ ಹತ್ತು ಪಟ್ಟಿನ ವ್ಯತ್ಯಾಸವೇ ಉತ್ತರ. ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2008ರಲ್ಲಿ ಪ್ರಕಟವಾದ ಕೊಕ್ರೇನ್ ಸಮೀಕ್ಷೆಯು ಹೆಲ್ಮೆಟ್ ಸಾವಿನ ಅಪಾಯವನ್ನು ಸುಮಾರು ಶೇ. 42ರಷ್ಟು, ತಲೆಗೆ ಪೆಟ್ಟಾಗುವ ಅಪಾಯವನ್ನು ಸುಮಾರು ಶೇ. 69ರಷ್ಟು ಕಡಿಮೆ ಮಾಡುತ್ತದೆ ಎಂದು ಅಂದಾಜಿಸಿದೆ. ಒಮ್ಮೆ ನಜ್ಜಾದ ಥರ್ಮಾಕೋಲ್ ಮೊದಲಿನ ದಪ್ಪಕ್ಕೆ ಮರಳುವುದಿಲ್ಲವಾದ್ದರಿಂದ, ಅಪಘಾತದಲ್ಲಿ ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ನೆಟ್ಟಗೆ ಕಂಡರೂ ಅದನ್ನು ಮತ್ತೆ ಬಳಸಬಾರದು.

ಮೂರನೆಯದು ಚರ್ಮಕ್ಕೆ ತಾಗುವ ಮೆತ್ತನೆಯ ಸ್ಪಂಜು ಮತ್ತು ಬಟ್ಟೆಯ ಒಳಪದರ. ಹೊಡೆತವನ್ನು ಹೀರುವಲ್ಲಿ ಇದರ ಪಾಲು ಅಲ್ಪ, ಆದರೆ ಹಿತಕ್ಕೂ ಸದ್ದಿನ ನಿಯಂತ್ರಣಕ್ಕೂ ಇದೇ ಮುಖ್ಯ. ಅಂಗಡಿಯಲ್ಲಿ ಹೆಲ್ಮೆಟ್ ಒಳಗೆ ಬೆರಳಿಟ್ಟು "ಮೆತ್ತಗಿದೆ" ಎಂದು ಮೆಚ್ಚುವವರು ಮುಟ್ಟುವುದು ಈ ಪದರವನ್ನು. ಜೀವ ಉಳಿಸುವುದು ಅದರ ಹಿಂದಿರುವ ಗಡಸು ಥರ್ಮಾಕೋಲ್. ಒಳಗೆ ಬರಿಯ ಸ್ಪಂಜು ಇದ್ದು ಥರ್ಮಾಕೋಲ್ ಇಲ್ಲದ ಟೋಪಿಯಂಥ ಹೆಲ್ಮೆಟ್ ಎಷ್ಟೇ ಹಗುರವಾಗಿದ್ದರೂ ಅದು ಹೆಲ್ಮೆಟ್ ಅಲ್ಲ.

ಸುತ್ತಳತೆ ಮತ್ತು ಆಕಾರ

ಹೆಲ್ಮೆಟ್ಟಿನ ಅಳತೆಯನ್ನು ತಲೆಯ ಸುತ್ತಳತೆಯಿಂದ ಗುರುತಿಸುತ್ತಾರೆ. ಹುಬ್ಬಿನಿಂದ ಸುಮಾರು ಎರಡೂವರೆ ಸೆಂಟಿಮೀಟರ್ ಮೇಲೆ, ಕಿವಿಗಳ ಮೇಲ್ಭಾಗದಿಂದ ಹಾದು, ತಲೆಯ ಹಿಂಬದಿಯಲ್ಲಿ ಅತಿ ಹೆಚ್ಚು ಉಬ್ಬಿರುವ ಜಾಗವನ್ನು ಸುತ್ತುವಂತೆ ದರ್ಜಿಯ ಟೇಪು ಹಿಡಿದಾಗ 58 ಸೆಂಟಿಮೀಟರ್ ಬಂದರೆ, ಭಾರತೀಯ ತಯಾರಕರ ಪಟ್ಟಿಯಲ್ಲಿ ಅದು ಸಾಮಾನ್ಯವಾಗಿ 580 ಮಿಲಿಮೀಟರ್ ಎಂದು, ಅಂದರೆ ಮಧ್ಯಮ ಅಳತೆ ಎಂದು ನಮೂದಾಗಿರುತ್ತದೆ. ಆದರೆ ಒಂದೇ ಸುತ್ತಳತೆಯ ಎರಡು ತಲೆಗಳು ಒಂದೇ ಆಕಾರದಲ್ಲಿರಬೇಕಿಲ್ಲ. ಸ್ವೀಡನ್ನಿನ ಅಂಗರಚನಾಶಾಸ್ತ್ರಜ್ಞ ಆಂಡರ್ಸ್ ರೆಟ್ಸಿಯಸ್ 1840ರ ದಶಕದಲ್ಲಿ ಬಳಕೆಗೆ ತಂದ ಕಪಾಲ ಸೂಚ್ಯಂಕವು ತಲೆಯ ಅಗಲವನ್ನು ಅದರ ಉದ್ದದಿಂದ ಭಾಗಿಸಿ ನೂರರಿಂದ ಗುಣಿಸಿದಾಗ ಸಿಗುವ ಸಂಖ್ಯೆ. ಅದನ್ನು ಜನಾಂಗಗಳ ಶ್ರೇಣೀಕರಣಕ್ಕೆ ಬಳಸಿದ ಹಳೆಯ ಪದ್ಧತಿಯನ್ನು ವಿಜ್ಞಾನ ಎಂದೋ ಕೈಬಿಟ್ಟಿದೆ. ಆದರೆ ಮೇಲಿನಿಂದ ನೋಡಿದಾಗ ಒಂದು ತಲೆ ಉದ್ದನೆಯ ಅಂಡಾಕಾರವೋ, ಮಧ್ಯಮ ಅಂಡಾಕಾರವೋ, ದುಂಡಗಿದೆಯೋ ಎಂಬ ಸರಳ ಭೇದ ಹೆಲ್ಮೆಟ್ ವಿನ್ಯಾಸಕಾರರಿಗೆ ಈಗಲೂ ಬೇಕು.

ಉದ್ದನೆಯ ತಲೆಗೆ ದುಂಡಗಿನ ಹೆಲ್ಮೆಟ್ ತೊಡಿಸಿದರೆ ಹಣೆ ಮತ್ತು ಹಿಂದಲೆಗೆ ಒತ್ತಡ ಬಿದ್ದು ಕಿವಿಯ ಮೇಲ್ಭಾಗದಲ್ಲಿ ಸಂದು ಉಳಿಯುತ್ತದೆ. ದುಂಡು ತಲೆಗೆ ಉದ್ದನೆಯ ಹೆಲ್ಮೆಟ್ ತೊಡಿಸಿದರೆ ಕಿವಿಯ ಮೇಲಿನ ಎರಡೂ ಬದಿಗಳು ನೋಯುತ್ತವೆ. ಎರಡೂ ಸಂದರ್ಭಗಳಲ್ಲಿ ಸವಾರರು ಸಾಮಾನ್ಯವಾಗಿ ಮಾಡುವುದು ಒಂದು ಅಳತೆ ದೊಡ್ಡದನ್ನು ಆರಿಸಿಕೊಳ್ಳುವುದು. ಇದರಿಂದ ನೋವು ತಗ್ಗುತ್ತದೆಯೇ ಹೊರತು ತೊಂದರೆ ತೀರುವುದಿಲ್ಲ: ಹೆಲ್ಮೆಟ್ ತಲೆಯ ಮೇಲೆ ತಿರುಗಾಡತೊಡಗುತ್ತದೆ, ಗಾಳಿಗೆ ನಡುಗುತ್ತದೆ, ಸಂದುಗಳಿಂದ ಗಾಳಿ ಒಳನುಗ್ಗಿ ಸದ್ದು ಹೆಚ್ಚುತ್ತದೆ, ಅಪಘಾತದಲ್ಲಿ ಕಳಚಿಹೋಗುವ ಸಂಭವವೂ ಬೆಳೆಯುತ್ತದೆ. ಸರಿಯಾದ ಪರಿಹಾರವೆಂದರೆ ಅದೇ ಅಳತೆಯಲ್ಲಿ ಬೇರೆ ಆಕಾರದ ಮಾದರಿಯನ್ನು ಹುಡುಕುವುದು, ಅಥವಾ ಕೆನ್ನೆಯ ಮೆತ್ತೆಗಳನ್ನು ಬದಲಾಯಿಸಿಕೊಳ್ಳುವುದು.

ಸರಿಹೊಂದುವಿಕೆಯನ್ನು ಅಂಗಡಿಯಲ್ಲಿಯೇ ಪರೀಕ್ಷಿಸಬಹುದು. ಹೊಸ ಹೆಲ್ಮೆಟ್ ಕೆನ್ನೆಗಳನ್ನು ಸ್ವಲ್ಪ ಒತ್ತಬೇಕು, ಏಕೆಂದರೆ ಸ್ಪಂಜು ಕೆಲವೇ ವಾರಗಳ ಬಳಕೆಯಲ್ಲಿ ಕುಗ್ಗುತ್ತದೆ. ಹಣೆ ಮತ್ತು ಮೆತ್ತೆಯ ನಡುವೆ ಬೆರಳು ಸಲೀಸಾಗಿ ತೂರಬಾರದು. ಎರಡು ಕೈಗಳಿಂದ ಹೆಲ್ಮೆಟ್ಟನ್ನು ಎಡಬಲಕ್ಕೆ ತಿರುಗಿಸಿದಾಗ ಕೆನ್ನೆ ಮತ್ತು ಹಣೆಯ ಚರ್ಮ ಅದರೊಂದಿಗೇ ಎಳೆಯಲ್ಪಡಬೇಕು. ಚರ್ಮ ನಿಂತು ಹೆಲ್ಮೆಟ್ ಮಾತ್ರ ಜಾರಿದರೆ ಅದು ಸಡಿಲ. ಪಟ್ಟಿಯನ್ನು ಬಿಗಿದು, ಹಿಂದಿನ ಅಂಚನ್ನು ಹಿಡಿದು ಮುಂದಕ್ಕೆ ಉರುಳಿಸಲು ಪ್ರಯತ್ನಿಸಿದಾಗ ಹೆಲ್ಮೆಟ್ ಕಳಚಿ ಬರಬಾರದು. ಕೊನೆಯದಾಗಿ, ಅದನ್ನು ಇಪ್ಪತ್ತರಿಂದ ಮೂವತ್ತು ನಿಮಿಷ ತೊಟ್ಟುಕೊಂಡೇ ಇದ್ದು ತೆಗೆದಾಗ ಹಣೆಯ ಮೇಲೆ ಒಂದೇ ಕಡೆ ಕೆಂಪು ಗುರುತು ಮೂಡಿ ಅಲ್ಲಿ ನೋವಿದ್ದರೆ ಆ ಮಾದರಿ ಆ ತಲೆಗೆ ಹೇಳಿಮಾಡಿಸಿದ್ದಲ್ಲ. ಕನ್ನಡಕ ಧರಿಸುವವರು ಈ ಪರೀಕ್ಷೆಯನ್ನು ಕನ್ನಡಕದೊಂದಿಗೇ ಮಾಡಬೇಕು. ಉದ್ದ ಕೂದಲಿರುವವರು ದಿನವೂ ಹಾಕುವ ಜಡೆ ಅಥವಾ ಗಂಟಿನೊಂದಿಗೇ ಮಾಡಬೇಕು, ಏಕೆಂದರೆ ಎತ್ತರದ ತುರುಬು ಹೆಲ್ಮೆಟ್ಟನ್ನು ಹಣೆಯ ಮೇಲಕ್ಕೆ ತಳ್ಳುತ್ತದೆ.

ಗಾಳಿ ಸದ್ದಾಗುವ ಬಗೆ

ಉಡುಪಿಯಿಂದ ಇಂದ್ರಾಳಿಯ ಮೂಲಕ ಮಣಿಪಾಲಕ್ಕೆ ಏರುವ ಐದಾರು ಕಿಲೋಮೀಟರ್ ದಾರಿಯಲ್ಲಿ ಸವಾರನ ಕಿವಿಗೆ ಬೀಳುವ ಸದ್ದಿನ ಬಹುಪಾಲು ಇಂಜಿನ್‌ಗಳದು ಮತ್ತು ಹಾರ್ನ್‌ಗಳದು. ಅದೇ ಸವಾರ ರಾಷ್ಟ್ರೀಯ ಹೆದ್ದಾರಿ 66ನ್ನು ಸೇರಿ ಉದ್ಯಾವರ, ಕಟಪಾಡಿ ದಾಟಿ ಕಾಪುವಿನತ್ತ ವೇಗ ಹೆಚ್ಚಿಸಿದಾಗ ಚಿತ್ರ ಬದಲಾಗುತ್ತದೆ. ಗಂಟೆಗೆ ಸುಮಾರು 65 ಕಿಲೋಮೀಟರ್ ದಾಟಿದ ಮೇಲೆ ಹೆಲ್ಮೆಟ್ ಒಳಗಿನ ಸದ್ದಿನಲ್ಲಿ ಗಾಳಿಯದೇ ಮೇಲುಗೈ ಎಂಬುದು ಬ್ರಿಟನ್ನಿನಲ್ಲಿ ನಡೆದ ಅಳತೆಗಳಿಂದ ತಿಳಿದುಬಂದಿದೆ. ಇಂಜಿನ್ ಎಷ್ಟೇ ಮೆದುವಾಗಿದ್ದರೂ, ವಾಹನ ವಿದ್ಯುತ್ತಿನದೇ ಆಗಿದ್ದರೂ, ಈ ಸದ್ದು ತಪ್ಪುವುದಿಲ್ಲ.

ಗಾಳಿ ನುಣುಪಾದ ಮೇಲ್ಮೈಗೆ ಅಂಟಿಕೊಂಡು ಸಾಗುವಾಗ ಹೆಚ್ಚು ಸದ್ದು ಹುಟ್ಟುವುದಿಲ್ಲ. ಅದು ಮೇಲ್ಮೈಯಿಂದ ಕಳಚಿಕೊಂಡು ಸಣ್ಣ ದೊಡ್ಡ ಸುಳಿಗಳಾಗಿ ಒಡೆದಾಗ, ಆ ಸುಳಿಗಳು ಚಿಪ್ಪಿನ ಮೇಲೆ ಉಂಟುಮಾಡುವ ಒತ್ತಡದ ಏರಿಳಿತಗಳೇ ಸದ್ದಾಗುತ್ತವೆ. ಇಂಥ ಕ್ರಮವಿಲ್ಲದ ಹರಿವನ್ನು ಪ್ರಕ್ಷುಬ್ಧ ಹರಿವು ಎನ್ನುತ್ತಾರೆ. ಹರಿವಿನಿಂದ ಸದ್ದು ಹುಟ್ಟುವ ಸಿದ್ಧಾಂತವನ್ನು ಬ್ರಿಟಿಷ್ ಗಣಿತಜ್ಞ ಜೇಮ್ಸ್ ಲೈಟ್‌ಹಿಲ್ 1952ರಲ್ಲಿ ಮಂಡಿಸಿದನು. ಘನವಸ್ತುವಿನ ಮೇಲ್ಮೈ ಇರುವಲ್ಲಿ ಆ ಸದ್ದಿನ ಶಕ್ತಿ ಸರಿಸುಮಾರು ವೇಗದ ಆರನೆಯ ಘಾತದಂತೆ ಬೆಳೆಯುತ್ತದೆ ಎಂಬುದು 1955ರಲ್ಲಿ ಕರ್ಲ್ ಎಂಬ ವಿಜ್ಞಾನಿ ಅದನ್ನು ವಿಸ್ತರಿಸಿದ್ದರಿಂದ ತಿಳಿಯಿತು. ಅಂದರೆ ವೇಗ 40ರಿಂದ 80ಕ್ಕೆ, ಎರಡರಷ್ಟಾದರೆ, ಸದ್ದಿನ ಶಕ್ತಿ 64 ಪಟ್ಟಾಗುತ್ತದೆ. 60ರಿಂದ 80ಕ್ಕೆ ಏರಿದರೂ ಅದು ಐದೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ. ಆದ್ದರಿಂದ ಹೆಲ್ಮೆಟ್ಟನ್ನು ನಿಶ್ಶಬ್ದಗೊಳಿಸುವ, ಖರ್ಚೇ ಇಲ್ಲದ ಮೊದಲ ಉಪಾಯ ವೇಗವನ್ನು ಸ್ವಲ್ಪ ತಗ್ಗಿಸುವುದು.

ಈ ಸುಳಿಗಳು ಹುಟ್ಟುವ ಜಾಗಗಳು ಹಲವು: ಮುಖದ ಮುಂದಿನ ಗಾಜು ಮತ್ತು ಚಿಪ್ಪು ಕೂಡುವ ಅಂಚು, ಗಾಜಿನ ಕೀಲು, ಗಾಳಿಕಿಂಡಿಯ ತುಟಿ, ಬಿಸಿಲಿಗೆಂದು ಮುಂಚಾಚಿದ ಕೊಕ್ಕು, ಚಿಪ್ಪಿಗೆ ಅಂಟಿಸಿದ ಕ್ಯಾಮೆರಾ. ಇಂಗ್ಲೆಂಡಿನ ಬಾತ್ ನಗರದ ಸಂಶೋಧಕರು ವಾಯುಸುರಂಗದಲ್ಲಿಯೂ ರಸ್ತೆಯಲ್ಲಿಯೂ ಅಳತೆ ಮಾಡಿ 2011ರಲ್ಲಿ ಪ್ರಕಟಿಸಿದ ಅಧ್ಯಯನವು ಗಲ್ಲದ ಕಂಬಿಯ, ಅಂದರೆ ಗಲ್ಲವನ್ನು ಬಳಸುವ ಚಿಪ್ಪಿನ ಮುಂಭಾಗದ, ಕೆಳಭಾಗವು ಸದ್ದಿನ ಒಂದು ಪ್ರಮುಖ ಮೂಲ ಎಂಬುದನ್ನು ತೋರಿಸಿತು. ಅಲ್ಲಿ ಗಾಳಿ ಕುತ್ತಿಗೆ ಮತ್ತು ಹೆಲ್ಮೆಟ್ಟಿನ ನಡುವಿನ ತೆರಪನ್ನು ಉಜ್ಜಿಕೊಂಡು ಸಾಗುತ್ತದೆ. ಬಾಟಲಿಯ ಬಾಯಿಗೆ ಅಡ್ಡಲಾಗಿ ಊದಿದಾಗ ಒಳಗಿನ ಗಾಳಿ ಹೂಂಕರಿಸುವಂತೆ ಹೆಲ್ಮೆಟ್ಟಿನ ಒಳಗಿನ ಪೊಳ್ಳು ಕೂಡ ಕೆಲವು ತಗ್ಗಿನ ಸ್ವರಗಳನ್ನು ಎತ್ತಿಹಿಡಿಯುತ್ತದೆ. ಹೆಲ್ಮೆಟ್ಟಿನ ಚಿಪ್ಪು ಮತ್ತು ಮೆತ್ತೆಗಳು ಹೆಚ್ಚಿನ ಆವರ್ತನದ, ಅಂದರೆ ಕೀಚಲು, ಸದ್ದನ್ನು ಚೆನ್ನಾಗಿ ತಡೆಯುತ್ತವೆ. ಆದರೆ ಸೆಕೆಂಡಿಗೆ 500ಕ್ಕಿಂತ ಕಡಿಮೆ ಕಂಪನಗಳ ಮೊರೆತವನ್ನು ತಡೆಯುವ ಶಕ್ತಿ ಅವಕ್ಕೆ ತೀರ ಅಲ್ಪ. ಗಾಳಿಯ ಸದ್ದಿನ ಬಹುಪಾಲು ಇರುವುದು ಈ ತಗ್ಗಿನ ವಲಯದಲ್ಲಿಯೇ. ಗಲ್ಲದ ಕೆಳಗೆ ಬಟ್ಟೆಯ ಪರದೆ ಇರುವ, ಕುತ್ತಿಗೆಯ ಬಳಿ ಮೆತ್ತೆ ಒತ್ತೊತ್ತಾಗಿರುವ ಮಾದರಿಗಳು ಮೆದುವಾಗಿರುವುದಕ್ಕೂ, ಕುತ್ತಿಗೆಗೆ ಸುತ್ತಿದ ತೆಳುವಾದ ವಸ್ತ್ರವೊಂದು ಸದ್ದನ್ನು ತಗ್ಗಿಸುವುದಕ್ಕೂ ಕುತ್ತಿಗೆಯ ಬಳಿಯ ಆ ತೆರಪು ಮುಚ್ಚುವುದೇ ಕಾರಣ.

ಕರಾವಳಿಯ ರಸ್ತೆಗೆ ಇನ್ನೊಂದು ವಿಶೇಷವಿದೆ. ಕಾಪುವಿನಲ್ಲಿ, 1901ರ ದೀಪಸ್ತಂಭ ನಿಂತಿರುವ ಕಡಲ ದಂಡೆಗೆ ಸಮಾನಾಂತರವಾಗಿ ಹೆದ್ದಾರಿ ಉತ್ತರ-ದಕ್ಷಿಣವಾಗಿ ಸಾಗುತ್ತದೆ. ಹಗಲಿನಲ್ಲಿ ನೆಲ ನೀರಿಗಿಂತ ಬೇಗ ಕಾದು, ಅದರ ಮೇಲಿನ ಗಾಳಿ ಹಗುರಾಗಿ ಏರಿದಾಗ, ಆ ಜಾಗಕ್ಕೆ ಕಡಲಿನಿಂದ ಗಾಳಿ ಬೀಸುತ್ತದೆ. ಈ ಕಡಲಗಾಳಿ ಮಧ್ಯಾಹ್ನದ ನಂತರ ಬಲಗೊಂಡು ರಸ್ತೆಯನ್ನು ಅಡ್ಡಲಾಗಿ ಹೊಡೆಯುತ್ತದೆ. ಮಳೆಗಾಲದ ಪಡುವಣ ಗಾಳಿಯ ದಿಕ್ಕೂ ಹೆಚ್ಚುಕಡಿಮೆ ಇದೇ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಉಡುಪಿಯ ಕಡೆಗೆ ಸಾಗುವ ಸವಾರನಿಗೆ ಪಡುವಣದಿಂದ ಗಂಟೆಗೆ 20 ಕಿಲೋಮೀಟರ್ ಗಾಳಿ ಬೀಸಿದರೆ, ಅವನ ಹೆಲ್ಮೆಟ್ಟಿಗೆ ತಾಗುವ ಗಾಳಿಯ ವೇಗ ಸುಮಾರು 63 ಕಿಲೋಮೀಟರ್ ಮಾತ್ರ. ಆದರೆ ಅದರ ದಿಕ್ಕು ನೇರ ಮುಂದಿನಿಂದ ಸುಮಾರು 18 ಡಿಗ್ರಿ ಎಡಕ್ಕೆ ವಾಲಿರುತ್ತದೆ. ನೇರ ಗಾಳಿಗೆಂದು ರೂಪಿಸಿದ ಹೆಲ್ಮೆಟ್ಟಿನ ಎಡಗಡೆಯ ಕೀಲು ಮತ್ತು ಗಾಜಿನ ಅಂಚು ಆಗ ಹರಿವಿಗೆ ಎದುರಾಗುತ್ತವೆ, ಬಲಗಡೆಯಲ್ಲಿ ಸುಳಿಗಳು ಹೆಚ್ಚುತ್ತವೆ, ತಲೆಯನ್ನು ಪಕ್ಕಕ್ಕೆ ತಳ್ಳುವ ಬಲಕ್ಕೆ ಕುತ್ತಿಗೆಯ ಸ್ನಾಯುಗಳು ಬಿಡದೆ ಎದುರು ನಿಲ್ಲಬೇಕಾಗುತ್ತದೆ. ಆದ್ದರಿಂದ ಈ ದಾರಿಯ ಸವಾರರಿಗೆ ಕೊಕ್ಕಿಲ್ಲದ, ದುಂಡಗಿನ, ಪಕ್ಕಗಳು ನುಣುಪಾಗಿರುವ ಮಾದರಿಯೇ ಒಳ್ಳೆಯದು. ಮಣ್ಣಿನ ಓಟಕ್ಕೆಂದು ರೂಪಿಸಿದ ಉದ್ದ ಕೊಕ್ಕಿನ ಹೆಲ್ಮೆಟ್ ಇಲ್ಲಿ ಗಾಳಿಪಟದಂತೆ ಎಳೆಯುತ್ತದೆ.

ಬೈಕಿನ ಮುಂಗಾಜಿನ ಪಾತ್ರವನ್ನೂ ಮರೆಯುವಂತಿಲ್ಲ. ಅದರ ಮೇಲಂಚಿನಿಂದ ಕಳಚಿಕೊಂಡ ಪ್ರಕ್ಷುಬ್ಧ ಹರಿವು ನೇರವಾಗಿ ಹೆಲ್ಮೆಟ್ಟಿಗೆ ಅಪ್ಪಳಿಸಿದರೆ, ಮುಂಗಾಜು ಇಲ್ಲದಾಗಿನ ಶುದ್ಧ ಗಾಳಿಗಿಂತ ಅದು ಹೆಚ್ಚು ಸದ್ದನ್ನೂ ಅಲುಗಾಟವನ್ನೂ ತರುತ್ತದೆ. ಹೆಲ್ಮೆಟ್ ಬದಲಾಯಿಸಿದರೂ ಸದ್ದು ತಗ್ಗದ ಸವಾರರು ಮುಂಗಾಜಿನ ಎತ್ತರವನ್ನು ಬದಲಾಯಿಸಿ ನೋಡಬೇಕು. ಖಾಲಿ ರಸ್ತೆಯಲ್ಲಿ ಸ್ವಲ್ಪ ತಗ್ಗಿ ಅಥವಾ ನೆಟ್ಟಗಾಗಿ ಕುಳಿತಾಗ ಸದ್ದು ಥಟ್ಟನೆ ಬದಲಾದರೆ ದೋಷ ಮುಂಗಾಜಿನಲ್ಲಿದೆ ಎಂದು ತಿಳಿಯಬಹುದು.

ಕಿವಿಯ ಲೆಕ್ಕ

ಸದ್ದಿನ ಮಟ್ಟವನ್ನು ಅಳೆಯುವ ಡೆಸಿಬೆಲ್ ಮಾನದಲ್ಲಿ ಪ್ರತಿ 10ರ ಏರಿಕೆಯೂ ಶಕ್ತಿಯಲ್ಲಿ ಹತ್ತು ಪಟ್ಟಿನ ಏರಿಕೆ. 3 ಡೆಸಿಬೆಲ್ ಹೆಚ್ಚಿದರೆ ಶಕ್ತಿ ಎರಡರಷ್ಟಾಗುತ್ತದೆ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಶಿಫಾರಸಿನಂತೆ ಕಿವಿಯು ದಿನಕ್ಕೆ 85 ಡೆಸಿಬೆಲ್ ಸದ್ದನ್ನು ಎಂಟು ಗಂಟೆ ತಾಳಬಹುದು, ಪ್ರತಿ 3 ಡೆಸಿಬೆಲ್ ಏರಿದಾಗ ಆ ಅವಧಿ ಅರ್ಧವಾಗುತ್ತದೆ. ಗಂಟೆಗೆ 80 ಕಿಲೋಮೀಟರ್ ಆಸುಪಾಸಿನಲ್ಲಿ ಹೆಲ್ಮೆಟ್ ಒಳಗಿನ ಸದ್ದು ಸುಮಾರು 90 ಡೆಸಿಬೆಲ್ ಎಂದಿಟ್ಟುಕೊಂಡರೆ ಅನುಮತಿಯ ಅವಧಿ ಸುಮಾರು ಎರಡೂವರೆ ಗಂಟೆ. 100 ಕಿಲೋಮೀಟರ್ ಆಸುಪಾಸಿನಲ್ಲಿ ಅದು 95 ಡೆಸಿಬೆಲ್ ಮುಟ್ಟಿದರೆ ಉಳಿಯುವುದು 48 ನಿಮಿಷ ಮಾತ್ರ. ಉಡುಪಿಯಿಂದ ಮಂಗಳೂರಿಗೆ ಸುಮಾರು 60 ಕಿಲೋಮೀಟರ್ ದೂರವಿದ್ದು, ಕೆಲಸಕ್ಕೆಂದು ದಿನವೂ ಬೈಕಿನಲ್ಲಿ ಹೋಗಿ ಬರುವವರು ಈ ಮಿತಿಯ ಹತ್ತಿರವೇ ಬದುಕುತ್ತಿದ್ದಾರೆ ಎಂಬುದನ್ನು ಲೆಕ್ಕವೇ ಹೇಳುತ್ತದೆ.

ಒಳಕಿವಿಯ ಬಸವನಹುಳುವಿನಾಕಾರದ ಕೋಶದಲ್ಲಿ ಸದ್ದನ್ನು ನರಸಂಕೇತವಾಗಿಸುವ ಸುಮಾರು 15,000 ರೋಮಕೋಶಗಳಿರುತ್ತವೆ. ಮನುಷ್ಯರಲ್ಲಿ ಸತ್ತ ರೋಮಕೋಶ ಮತ್ತೆ ಹುಟ್ಟುವುದಿಲ್ಲ. ದೀರ್ಘ ಸವಾರಿಯ ನಂತರ ಕಿವಿಯಲ್ಲಿ ಗುಂಯ್‌ಗುಡುವ ಸದ್ದು ಕೇಳುವುದು, ಎದುರಿಗಿರುವವರ ಮಾತು ಸ್ವಲ್ಪ ಹೊತ್ತು ಮಂದವಾಗುವುದು ಆ ಕೋಶಗಳು ದಣಿದ ಲಕ್ಷಣ. ಇದು ಮತ್ತೆ ಮತ್ತೆ ಆದಾಗ ಶ್ರವಣಶಕ್ತಿ ಮೊದಲು ಕುಸಿಯುವುದು ಸೆಕೆಂಡಿಗೆ 4,000 ಕಂಪನಗಳ ಆಸುಪಾಸಿನಲ್ಲಿ. ಮಾತಿನ ವ್ಯಂಜನಗಳ ಸ್ಪಷ್ಟತೆ ಇರುವುದು ಅಂಥ ಎತ್ತರದ ಆವರ್ತನಗಳಲ್ಲಿಯೇ ಆದ್ದರಿಂದ, ಅಂಥವರಿಗೆ ಮಾತು ಕೇಳಿಸುತ್ತದೆ, ಆದರೆ ಅರ್ಥವಾಗುವುದಿಲ್ಲ. ಮಣಿಪಾಲದ ವಾಕ್ ಮತ್ತು ಶ್ರವಣ ವಿಭಾಗದಲ್ಲಿಯೂ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿಯೂ ಶ್ರವಣ ಪರೀಕ್ಷೆ ಲಭ್ಯವಿದೆ. ವರ್ಷಗಟ್ಟಲೆ ಹೆದ್ದಾರಿಯಲ್ಲಿ ಓಡಾಡಿದವರು ಒಮ್ಮೆ ಪರೀಕ್ಷಿಸಿಕೊಳ್ಳುವುದು ವಿವೇಕ.

ಹೆಲ್ಮೆಟ್ ಒಂದರಿಂದಲೇ ಈ ಸದ್ದನ್ನು ಸಾಕಷ್ಟು ತಗ್ಗಿಸಲಾಗದು ಎಂಬುದನ್ನು ಮೇಲಿನ ಭೌತಶಾಸ್ತ್ರ ತೋರಿಸುತ್ತದೆ. ಹೆದ್ದಾರಿಯ ದೀರ್ಘ ಸವಾರಿಗೆ ನಂಬಬಹುದಾದ ಸಾಧನವೆಂದರೆ ಔಷಧದ ಅಂಗಡಿಗಳಲ್ಲಿ ಕೆಲವೇ ರೂಪಾಯಿಗೆ ಸಿಗುವ ಸ್ಪಂಜಿನ ಕಿವಿಬಿರಟೆ. ಅದನ್ನು ಬೆರಳುಗಳ ನಡುವೆ ಸಣ್ಣಗೆ ಹೊಸೆದು, ಕಿವಿಯನ್ನು ಮೇಲಕ್ಕೆಳೆದು ಒಳಗಿಟ್ಟು, ಉಬ್ಬುವವರೆಗೆ ಒತ್ತಿ ಹಿಡಿದರೆ ಪ್ರಯೋಗಾಲಯದ ಅಳತೆಯಲ್ಲಿ 30 ಡೆಸಿಬೆಲ್‌ವರೆಗೂ ಸದ್ದು ತಗ್ಗುತ್ತದೆ. ಅರೆಬರೆಯಾಗಿ ಸೇರಿಸಿದರೆ ಆ ಲಾಭದ ಬಹುಭಾಗ ಕಳೆದುಹೋಗುತ್ತದೆ. ಬಿರಟೆಯಿಂದ ಹಾರ್ನ್ ಕೇಳಿಸದೆ ಹೋಗುತ್ತದೆ ಎಂಬ ಅಂಜಿಕೆ ಸಹಜ. ಆದರೆ ವೇಗದಲ್ಲಿ ಹಾರ್ನನ್ನು ಮುಚ್ಚಿಹಾಕುವುದು ಗಾಳಿಯ ಮೊರೆತ; ಬಿರಟೆ ಎರಡನ್ನೂ ತಗ್ಗಿಸುವುದರಿಂದ ಅವುಗಳ ನಡುವಿನ ಅಂತರ ಕೆಡುವುದಿಲ್ಲ. ನಿಧಾನ ಸಂಚಾರದ ಪೇಟೆಯಲ್ಲಿ ಗಾಳಿಯ ಮೊರೆತವೇ ಇರುವುದಿಲ್ಲವಾದ್ದರಿಂದ ಅಲ್ಲಿ ಬಿರಟೆಯ ಅಗತ್ಯವಿಲ್ಲ. ಹಾಡು ಕೇಳಿಸುವ ಇಯರ್‌ಫೋನ್ ಇದಕ್ಕೆ ಬದಲಿಯಾಗಲಾರದು. ಗಾಳಿಯ ಸದ್ದನ್ನು ಮೀರಿಸಲು ಅದರ ದನಿಯನ್ನು ಏರಿಸಬೇಕಾಗುತ್ತದೆ, ಗಮನವೂ ರಸ್ತೆಯಿಂದ ಕದಲುತ್ತದೆ.

ಸೆಕೆ, ಮಂಜು, ಬೂಷ್ಟು

ಕರಾವಳಿಯ ಸೆಕೆಯ ಕಷ್ಟ ಉಷ್ಣಾಂಶಕ್ಕಿಂತ ತೇವಾಂಶದಲ್ಲಿದೆ. ಒಂದು ಗ್ರಾಂ ಬೆವರು ಆವಿಯಾದರೆ ದೇಹದಿಂದ ಸುಮಾರು 2,400 ಜೂಲ್ ಶಾಖವನ್ನು ಒಯ್ಯುತ್ತದೆ. ಆದರೆ ಗಾಳಿ ಆಗಲೇ ತೇವದಿಂದ ತುಂಬಿದ್ದರೆ ಬೆವರು ಆವಿಯಾಗದೆ ಹರಿದು ಕಣ್ಣಿಗಿಳಿಯುತ್ತದೆ. ಹೆಲ್ಮೆಟ್ಟಿನ ಗಾಳಿಕಿಂಡಿಗಳು ಇದಕ್ಕೆ ನೆರವಾಗುವುದು ಚಲನೆಯಲ್ಲಿ ಮಾತ್ರ: ಹಣೆಯ ಮೇಲಿನ ಕಿಂಡಿಯ ಬಳಿ ಗಾಳಿಯ ಒತ್ತಡ ಹೆಚ್ಚು, ಹಿಂದಲೆಯ ಕಿಂಡಿಯ ಬಳಿ ಕಡಿಮೆ, ಈ ವ್ಯತ್ಯಾಸವೇ ಗಾಳಿಯನ್ನು ಕೂದಲ ನಡುವೆ ಎಳೆಯುತ್ತದೆ. ಥರ್ಮಾಕೋಲಿನಲ್ಲಿ ಮುಂದಿನಿಂದ ಹಿಂದಕ್ಕೆ ಕೊರೆದ ಕಾಲುವೆಗಳಿಲ್ಲದಿದ್ದರೆ ಹೊರಗಿನ ಕಿಂಡಿ ಬರಿಯ ಅಲಂಕಾರ. ಒಳಬಟ್ಟೆಯನ್ನು ಸರಿಸಿ ಇದನ್ನು ಕಣ್ಣಾರೆ ನೋಡಬಹುದು. ಕಿಂಡಿ ಹೆಚ್ಚಿದಷ್ಟೂ ಸದ್ದೂ ಹೆಚ್ಚುವುದರಿಂದ, ಮುಚ್ಚಿ ತೆರೆಯಬಲ್ಲ ಕಿಂಡಿಗಳಿರುವ ಮಾದರಿಯೇ ಉತ್ತಮ: ಕಾರ್ಕಳದಿಂದ ಬೈಲೂರು, ಹಿರಿಯಡ್ಕ ಮಾರ್ಗವಾಗಿ ಮರಗಳ ನಡುವಿನ ತಿರುವುಗಳಲ್ಲಿ ನಿಧಾನವಾಗಿ ಬರುವಾಗ ತೆರೆದಿಡಬಹುದು, ಹೆದ್ದಾರಿಗೆ ಇಳಿದಾಗ ಮುಚ್ಚಬಹುದು.

ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಉಡುಪಿ ಜಿಲ್ಲೆಯಲ್ಲಿ ಗಾಜಿನ ಮಂಜು ಸಣ್ಣ ಸಮಸ್ಯೆಯಲ್ಲ. ಉಸಿರಿನೊಂದಿಗೆ ಹೊರಬರುವ ಗಾಳಿ ಸುಮಾರು 34 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆವಿಯಿಂದ ತುಂಬಿರುತ್ತದೆ. ಮಳೆಯಲ್ಲಿ ತಣಿದ ಗಾಜಿಗೆ ಅದು ತಾಗಿದಾಗ ಆವಿ ಹನಿಗಟ್ಟಿ ನೋಟವನ್ನು ಮಸುಕಾಗಿಸುತ್ತದೆ. ಮೂಗಿನ ಮೇಲೆ ಉಸಿರನ್ನು ಕೆಳಕ್ಕೆ ತಿರುಗಿಸುವ ಪಟ್ಟಿ, ಗಲ್ಲದ ಕಿಂಡಿಯನ್ನು ತೆರೆದಿಡುವುದು, ಗಾಜಿನ ಒಳಗೆ ಇನ್ನೊಂದು ತೆಳು ಹಾಳೆ ಕೂರಿಸಿ ನಡುವೆ ಗಾಳಿಯ ಪದರ ಉಳಿಸುವ ಜೋಡಿಗಾಜು, ಇವು ಪರಿಹಾರಗಳು. ಕಪ್ಪು ಗಾಜು ಮಳೆಗಾಲದ ಸಂಜೆಗೆ ಅಪಾಯಕಾರಿ. ಬಣ್ಣವಿಲ್ಲದ ಗಾಜೇ ಇರಬೇಕು. ಗಾಜು ಪಾಲಿಕಾರ್ಬೊನೇಟಿನದಾದ್ದರಿಂದ ಅದನ್ನು ಪೆಟ್ರೋಲ್, ಥಿನ್ನರ್‌ಗಳಿಂದ ಒರೆಸಬಾರದು. ಥರ್ಮಾಕೋಲನ್ನಂತೂ ಅವು ಕರಗಿಸಿಯೇ ಬಿಡುತ್ತವೆ. ಬೆವರು ಮತ್ತು ತಲೆಗೆ ಹಚ್ಚಿದ ಎಣ್ಣೆಯಿಂದ ಒಳಬಟ್ಟೆ ಜಿಡ್ಡಾಗಿ ಆಷಾಢದ ತೇವದಲ್ಲಿ ಬೂಷ್ಟು ಹಿಡಿಯುತ್ತದೆ. ಕಳಚಿ ಒಗೆಯಬಲ್ಲ ಒಳಪದರವನ್ನು ಈ ನಾಡಿನ ಸವಾರರು ಕಡ್ಡಾಯ ಗುಣವೆಂದೇ ಎಣಿಸಬೇಕು. ಒಗೆದ ಬಟ್ಟೆಯನ್ನು ನೆರಳಿನಲ್ಲಿ, ಫ್ಯಾನಿನ ಗಾಳಿಯಲ್ಲಿ ಒಣಗಿಸಬೇಕು.

ಆಯ್ಕೆಯ ಕ್ರಮ

ಸೆಕೆಗೆ ಅಂಜಿ ಮುಖ ತೆರೆದ ಅಥವಾ ಅರ್ಧ ಹೆಲ್ಮೆಟ್ಟನ್ನು ಆರಿಸುವವರು ಒಂದು ಸಂಗತಿಯನ್ನು ತೂಗಿ ನೋಡಬೇಕು. ಜರ್ಮನಿಯ ಹ್ಯಾನೋವರ್ ವೈದ್ಯಕೀಯ ವಿಶ್ವವಿದ್ಯಾಲಯದ ಡೀಟ್ಮಾರ್ ಒಟ್ಟೆ ಅಪಘಾತಕ್ಕೀಡಾದ ಹೆಲ್ಮೆಟ್ಟುಗಳನ್ನು ಪರಿಶೀಲಿಸಿದಾಗ, ಹೊಡೆತಗಳಲ್ಲಿ ಸುಮಾರು ಮೂರನೆಯ ಒಂದು ಭಾಗ ಗಲ್ಲದ ಸುತ್ತ ಬಿದ್ದಿದ್ದವು. ಮುಖ ತೆರೆದ ಹೆಲ್ಮೆಟ್ಟಿನಲ್ಲಿ ಆ ಭಾಗಕ್ಕೆ ರಕ್ಷಣೆಯೇ ಇಲ್ಲ, ಸದ್ದಿಗೂ ತಡೆಯಿಲ್ಲ. ಗಲ್ಲದ ಭಾಗವನ್ನು ಮೇಲೆತ್ತಬಹುದಾದ ಮಾದರಿಗಳು ಅನುಕೂಲಕರವಾದರೂ ಅವುಗಳ ಕೀಲುಗಳಿಂದಾಗಿ ತೂಕ ಮತ್ತು ಸದ್ದು ಸಾಮಾನ್ಯವಾಗಿ ಹೆಚ್ಚು. ಹೀಗಾಗಿ ಪೂರ್ಣಮುಖದ, ಗಾಳಿಕಾಲುವೆಗಳಿರುವ, ಹಗುರವಾದ ಹೆಲ್ಮೆಟ್ ಬಹುಪಾಲು ಸವಾರರಿಗೆ ತಕ್ಕದ್ದು. ತಲೆಯೇ ನಾಲ್ಕೂವರೆಯಿಂದ ಐದು ಕಿಲೋಗ್ರಾಂ ತೂಗುವಾಗ ಅದರ ಮೇಲೆ ಒಂದೂವರೆ ಕಿಲೋ ಏರಿದರೆ ಕುತ್ತಿಗೆ ಅದನ್ನು ಪ್ರತಿ ಗುಂಡಿಯಲ್ಲಿಯೂ ಲೆಕ್ಕಕ್ಕೆ ಹಿಡಿಯುತ್ತದೆ.

ಕಾನೂನಿನ ಅಗತ್ಯಗಳು ಸ್ಪಷ್ಟವಾಗಿವೆ. 1988ರ ಮೋಟಾರು ವಾಹನ ಕಾಯ್ದೆಯ 129ನೆಯ ಕಲಮು, 2019ರ ತಿದ್ದುಪಡಿಯ ನಂತರ, ನಾಲ್ಕು ವರ್ಷ ಮೀರಿದ ಪ್ರತಿಯೊಬ್ಬ ಸವಾರ ಮತ್ತು ಸಹಸವಾರ ಮಾನಕಕ್ಕೆ ತಕ್ಕ ಹೆಲ್ಮೆಟ್ ಧರಿಸಬೇಕೆಂದು ಹೇಳುತ್ತದೆ. ಪೇಟ ಧರಿಸುವ ಸಿಖ್ಖರಿಗೆ ವಿನಾಯಿತಿಯಿದೆ. ಕರ್ನಾಟಕದಲ್ಲಿ ಸಹಸವಾರರಿಗೂ ಹೆಲ್ಮೆಟ್ 2016ರ ಜನವರಿಯಿಂದಲೇ ಕಡ್ಡಾಯವಾಗಿತ್ತು. ಒಂಬತ್ತು ತಿಂಗಳಿಂದ ನಾಲ್ಕು ವರ್ಷದವರೆಗಿನ ಮಕ್ಕಳಿಗೂ ಹೆಲ್ಮೆಟ್ ಮತ್ತು ರಕ್ಷಾಪಟ್ಟಿ ಬೇಕೆಂದು 2022ರಲ್ಲಿ ನಿಯಮ ಬಂದಿತು. 2021ರ ಜೂನ್ 1ರಿಂದ ಭಾರತದಲ್ಲಿ ಐಎಸ್ 4151 ಮಾನಕದ ಗುರುತಿಲ್ಲದ ಹೆಲ್ಮೆಟ್ಟಿನ ತಯಾರಿಕೆ ಮತ್ತು ಮಾರಾಟ ನಿಷಿದ್ಧ. ಐಎಸ್‌ಐ ಗುರುತಿನ ಮೇಲೆ ಮಾನಕದ ಸಂಖ್ಯೆಯೂ ಕೆಳಗೆ ಸಿಎಂ/ಎಲ್ ಎಂದು ಆರಂಭವಾಗುವ ಪರವಾನಗಿ ಸಂಖ್ಯೆಯೂ ಇರಬೇಕು. ಆ ಸಂಖ್ಯೆಯನ್ನು ಬಿಐಎಸ್ ಕೇರ್ ಎಂಬ ಮೊಬೈಲ್ ಆ್ಯಪ್‌ನಲ್ಲಿ ನಮೂದಿಸಿ ಅಸಲಿಯೇ ಎಂದು ಪರಿಶೀಲಿಸಬಹುದು. ಈ ಗುರುತು ರಕ್ಷಣೆಯ ಕನಿಷ್ಠ ಮಟ್ಟಕ್ಕೆ ಸಾಕ್ಷಿಯೇ ಹೊರತು ಹಿತಕ್ಕೂ ನಿಶ್ಶಬ್ದತೆಗೂ ಸಾಕ್ಷಿಯಲ್ಲ. ಅವೆರಡನ್ನು ತೊಡುವವರೇ ಪರೀಕ್ಷಿಸಬೇಕು.

ಹಾಗಾಗಿ ಆಯ್ಕೆಯ ಕ್ರಮ ಹೀಗಿರಬೇಕು: ಮೊದಲು ಮಾನಕದ ಗುರುತು, ಆಮೇಲೆ ಸುತ್ತಳತೆ ಮತ್ತು ಆಕಾರ, ಆಮೇಲೆ ಕುತ್ತಿಗೆಯ ಬಳಿಯ ಬಿಗಿ ಮತ್ತು ಚಿಪ್ಪಿನ ನುಣುಪು, ಆಮೇಲೆ ಗಾಳಿಕಾಲುವೆ ಮತ್ತು ಒಗೆಯಬಲ್ಲ ಒಳಪದರ, ಕೊನೆಗೆ ಬೆಲೆ ಮತ್ತು ಬಣ್ಣ. ಸಾವಿರಾರು ರೂಪಾಯಿಯ ವಿದೇಶಿ ಹೆಲ್ಮೆಟ್ ತಲೆಯ ಆಕಾರಕ್ಕೆ ಹೊಂದದಿದ್ದರೆ, ಹೊಂದಿಕೊಳ್ಳುವ ಅಗ್ಗದ ಐಎಸ್‌ಐ ಹೆಲ್ಮೆಟ್ಟಿಗಿಂತ ಅದು ಹೆಚ್ಚು ಸದ್ದನ್ನೂ ನೋವನ್ನೂ ಕೊಡಬಲ್ಲದು. ತಂದೆಯ ಹೆಲ್ಮೆಟ್ಟನ್ನು ಮಗಳಿಗೆ, ಅಣ್ಣನದನ್ನು ತಮ್ಮನಿಗೆ ತೊಡಿಸಿ ಕಳುಹಿಸುವ ರೂಢಿಯನ್ನು ಮನೆಗಳು ಬಿಡಬೇಕು. ಸಹಸವಾರರ ತಲೆಯ ಅಳತೆಗೂ ಒಂದು ಹೆಲ್ಮೆಟ್ ಮನೆಯಲ್ಲಿರಬೇಕು. ಬೈಕ್ ಕೊಳ್ಳಲು ವಾರಗಟ್ಟಲೆ ವಿಚಾರಿಸುವವರು ಹೆಲ್ಮೆಟ್ಟಿಗೆ ಅರ್ಧ ಗಂಟೆಯನ್ನಾದರೂ ಕೊಡಲಿ, ಅಂಗಡಿಯವರು ಆ ಅರ್ಧ ಗಂಟೆ ಅದನ್ನು ತೊಟ್ಟು ನಿಲ್ಲಲು ಬಿಡಲಿ. ತಲೆಗೆ ಹೊಂದುವ ಹೆಲ್ಮೆಟ್ ಮಾತ್ರ ದಾರಿಯುದ್ದಕ್ಕೂ ತಲೆಯ ಮೇಲೆ ಉಳಿಯುತ್ತದೆ, ಹಾಗೆ ಉಳಿದ ಹೆಲ್ಮೆಟ್ ಮಾತ್ರ ಜೀವ ಕಾಯುತ್ತದೆ.